ಎಷ್ಟು ಬಂತು, ಎಲ್ಲಿ ಹೋತು?

ಐದು ಸಾವಿರ ಕೋಟಿ! 2024-25ರ ರಾಜ್ಯ ಬಜೆಟ್ಟಿನಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಘೋಷಣೆಯಾದ ಮೊತ್ತ ಇದು. ಮಸ್ಕಿಯಲ್ಲಿ ಸಿಂಧನೂರು ಬಸ್ಸಿಗೆ ಕಾದು ನಿಂತವನಿಗೆ ಈ ಅಂಕಿ ಹೇಳಿದರೆ ಏನನಿಸೀತು? ಏನೂ ಅನಿಸುವುದಿಲ್ಲ. ಐದು ಸಾವಿರ ಕೋಟಿಯೂ ಒಂದೇ, ಐವತ್ತು ಸಾವಿರ ಕೋಟಿಯೂ ಒಂದೇ. ಸೊನ್ನೆ ಎಣಿಸಿ ಮುಗಿಯುವುದರೊಳಗೆ ಬಸ್ಸು ಬಂದಿರುತ್ತದೆ.

ಅದನ್ನೇ ಭಾಗಿಸಿ ನೋಡಿ. 2011ರ ಜನಗಣತಿಯಂತೆ ಬೀದರದಿಂದ ಬಳ್ಳಾರಿತನಕ ಈ ಭಾಗದ ಜನಸಂಖ್ಯೆ ಸುಮಾರು 1 ಕೋಟಿ 12 ಲಕ್ಷ. ತಲೆಗೆ 4,400 ರೂಪಾಯಿ ಚಿಲ್ಲರೆ. ಐದು ಮಂದಿಯ ಮನೆಗೆ 22 ಸಾವಿರ. ಜನ ಆಮೇಲೆ ಹೆಚ್ಚಿದ್ದಾರೆ, ಸ್ವಲ್ಪ ಕಮ್ಮಿ ಅಂತಲೇ ಹಿಡಿಯಿರಿ. ಈಗ ಅದೇ ಮನುಷ್ಯ ಗಕ್ಕನೆ ತಿರುಗಿ ಕೇಳುತ್ತಾನೆ: "ಹೌದೇನ್ರೀ? ಮತ್ತ ನಮ್ಮ ಓಣಿಗೆ ಏನ್ ಬಂತು?"

ಸರಕಾರದ ಲೆಕ್ಕ ಜನರಿಗೆ ತಿಳಿಯುವುದಿಲ್ಲ ಅನ್ನುವುದು ಅಧಿಕಾರಿಗಳ ಹಳೇ ಮಾತು. ತಿಳಿಯದವರು ಯಾರು? ದೀಪಾವಳಿಗೆ ಖಾತೆ ಪುಸ್ತಕಕ್ಕೆ ಪೂಜೆ ಮಾಡುವ ಕಿರಾಣಿ ಅಂಗಡಿಯವನಿಗೆ ಜಮಾ, ಖರ್ಚು, ಬಾಕಿ, ಉದ್ದರಿ ಯಾರೂ ಹೇಳಿಕೊಡಬೇಕಿಲ್ಲ. ಬಜೆಟ್ ಪುಸ್ತಕದ ಸಾಲುಗಳನ್ನೂ ಅವನ ಮಾತಿನಲ್ಲಿ ಹೇಳಬಹುದು. 'ಅಂದಾಜು' ಎಂದರೆ ಸಗಟು ವ್ಯಾಪಾರಿ "ಮಾಲು ಕಳಿಸ್ತೀನಿ" ಎಂದದ್ದು. 'ಬಿಡುಗಡೆ' ಎಂದರೆ ಲಾರಿ ಬಂದು ನಿಂತದ್ದು. 'ವೆಚ್ಚ' ಎಂದರೆ ಮಾಲು ಇಳಿಸಿ ರೊಕ್ಕ ಕೊಟ್ಟದ್ದು. ಮೂರೂ ಬೇರೆ ಬೇರೆ. ಭಾಷಣದಲ್ಲಿ ಕೇಳಿಬರುವುದು ಮೊದಲನೆಯದು ಮಾತ್ರ. ನಿಜವಾಗಿ ಖರ್ಚಾದದ್ದೆಷ್ಟು ಎಂಬ ಅಂಕಿ ಬಜೆಟ್ ಪುಸ್ತಕಕ್ಕೆ ಬರುವುದು ಎರಡು ವರ್ಷ ತಡವಾಗಿ. ಅಷ್ಟೊತ್ತಿಗೆ ಚಪ್ಪಾಳೆ ತಟ್ಟಿದವರಿಗೂ ಮರೆತಿರುತ್ತದೆ.

ಕಾನೂನಿಲ್ಲ ಎನ್ನುವಂತಿಲ್ಲ. ಮಂಡಳಿಯ ಕಾರ್ಯವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದಿಡಬೇಕೆಂದು ಸಂವಿಧಾನದ 371(ಜೆ) ವಿಧಿಯಲ್ಲೇ ಬರೆದಿದೆ. ಸಭೆ ಇರುವುದು ಬೆಂಗಳೂರಿನಲ್ಲಿ, ಗುಂಡಿ ಇರುವುದು ಇಲ್ಲಿ! ಹಳ್ಳಿಯವರಿಗೆ ವರ್ಷಕ್ಕೊಮ್ಮೆ ಗ್ರಾಮ ಪಂಚಾಯಿತಿಯ ಜಮಾಬಂದಿ ಇದೆ. ಲೆಕ್ಕದ ಪುಸ್ತಕವನ್ನೂ ಕಾಮಗಾರಿಯನ್ನೂ ಎದುರುಬದುರಿಟ್ಟು ನೋಡುವ ಒಳ್ಳೆಯ ಪದ್ಧತಿ. ಕೇಳುವ ಜನ ಇದ್ದ ಊರಲ್ಲಿ ಅದು ಲೆಕ್ಕ, ಇಲ್ಲದ ಊರಲ್ಲಿ ಬರೇ ಸಹಿ. ಪುರಸಭೆಗಳಿಗೂ 2006ರ ನಿಯಮಗಳ ಪ್ರಕಾರ ಜಮಾ-ಖರ್ಚು ಎರಡೂ ಕಡೆ ಬರೆಯುವ ಪದ್ಧತಿ ಬಂದಿದೆ. ಅಂದರೆ ಅಢಾವೆ ಪತ್ರಿಕೆ ತಯಾರಾಗಲೇಬೇಕು. ಅದರಲ್ಲಿ ತನ್ನ ವಾರ್ಡಿನ ಗಟಾರ ಎಲ್ಲಿದೆ ಎಂದು ಹುಡುಕುವುದು ಮಾತ್ರ ಸಾಮಾನ್ಯನಿಂದ ಆಗದ ಕೆಲಸ.

2005ರ ಮಾಹಿತಿ ಹಕ್ಕು ಕಾಯ್ದೆ ಇನ್ನೂ ಮುಂದೆ ಹೋಗುತ್ತದೆ. ಹಂಚಿಕೆಯಾದ ಹಣ, ಕೊಟ್ಟ ಹಣ ಇವುಗಳ ವಿವರವನ್ನು ಯಾರೂ ಅರ್ಜಿ ಹಾಕುವ ಮೊದಲೇ ಕಚೇರಿಗಳು ತಾವಾಗಿ ಪ್ರಕಟಿಸಬೇಕು, ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು ಎನ್ನುತ್ತದೆ 4ನೇ ಕಲಮು. ಪ್ರಕಟಿಸುವ ದಾರಿಗಳಲ್ಲಿ ನೋಟೀಸ್ ಬೋರ್ಡೂ ಇದೆ, ಪತ್ರಿಕೆಯೂ ಇದೆ, ಸಾರ್ವಜನಿಕ ಘೋಷಣೆಯೂ ಇದೆ. ಘೋಷಣೆ ಎಂದರೆ ಮತ್ತೇನು, ಡಂಗುರವೇ.

ಡಂಗುರದ ಮಾತು ಮಸ್ಕಿಗೆ ಹೊಸದಲ್ಲ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರಿಗೆ ಇಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನ ಹೆಸರೇ ಇತ್ತು. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಲೋಕಕ್ಕೆ ಖಾತ್ರಿಯಾಯಿತು. ಅದೇ ರಾಜನ ಎರ್ರಗುಡಿ ಶಾಸನದಲ್ಲಿ, ಈ ಮಾತನ್ನು ಭೇರಿ ಬಾರಿಸಿ ಜನರಿಗೆ ತಿಳಿಸಿರಿ ಎಂದು ಅಧಿಕಾರಿಗಳಿಗೆ ಅಪ್ಪಣೆಯಿದೆ. ಕಲ್ಲಿನ ಮೇಲೆ ಕೆತ್ತಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲವೆಂದು ಆ ಕಾಲದ ದೊರೆಗೇ ಗೊತ್ತಿತ್ತು.

ಬೇಕಾದದ್ದು ದೊಡ್ಡದೇನಲ್ಲ. ಮೂರು ತಿಂಗಳಿಗೊಮ್ಮೆ ಬಸ್ ನಿಲ್ದಾಣದಲ್ಲಿ ಒಂದು ಬೋರ್ಡು: ಯಾವ ವಾರ್ಡು, ಯಾವ ಕೆಲಸ, ಮಂಜೂರು ಎಷ್ಟು, ಗುತ್ತಿಗೆದಾರನಿಗೆ ಕೊಟ್ಟದ್ದೆಷ್ಟು, ಮುಗಿಯುವ ತಾರೀಕು ಯಾವುದು. ಅಕ್ಷರ ದಪ್ಪ, ಅಂಕಿ ಸ್ಪಷ್ಟ. ಓದಲು ಬಾರದವರಿಗೆ ಆಟೋದಲ್ಲಿ ಮೈಕು ಕಟ್ಟಿ ಕೂಗಿಸಿದರಾಯಿತು. ತೆರಿಗೆ ಕಟ್ಟಿರೆಂದು ಓಣಿ ಓಣಿ ಕೂಗುತ್ತಾ ಬರುವ ಆಟೋ ಹೇಗೂ ಇದೆಯಲ್ಲ, ಕಟ್ಟಿದ ತೆರಿಗೆ ಏನಾಯಿತೆಂದು ಕೂಗಲು ಅದರ ಡೀಸೆಲ್ಲೇನೂ ಹೆಚ್ಚು ಸುಡುವುದಿಲ್ಲ.