ಅಪರಿಚಿತ ಲೇಖಕನೂ ನಿರಾಶನಾದ ಓದುಗನೂ

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಸಮೀಪ, ಬ್ರಹ್ಮಗಿರಿಯ ಬಂಡೆಯ ಮೇಲಿರುವ ಅಶೋಕನ ಶಾಸನವನ್ನು ನೋಡಲು ಹೋದವರಲ್ಲಿ ಕೆಲವರಾದರೂ ಸಪ್ಪೆ ಮೋರೆಯಿಂದ ಹಿಂದಿರುಗುವುದುಂಟು. ಶಾಲೆಯ ಪಾಠದಲ್ಲಿ ಕಳಿಂಗದ ರಣರಂಗವನ್ನೂ, ಅಲ್ಲಿ ಮರುಗಿ ನಿಂತ ಚಕ್ರವರ್ತಿಯನ್ನೂ ಕಂಡ ಕಣ್ಣು ಈ ಬಂಡೆಯಲ್ಲಿಯೂ ಅದನ್ನೇ ಅರಸುತ್ತದೆ. ಇಲ್ಲಿ ಕಳಿಂಗದ ಸುದ್ದಿಯೇ ಇಲ್ಲ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಕುಶಲಪ್ರಶ್ನೆ. ತಾನು ಎರಡೂವರೆ ವರ್ಷಗಳಿಗೂ ಮಿಗಿಲಾಗಿ ಉಪಾಸಕನಾಗಿದ್ದರೂ ಮೊದಲ ಒಂದು ವರ್ಷ ಹೇಳಿಕೊಳ್ಳುವಂಥ ಶ್ರಮ ಪಡಲಿಲ್ಲವೆಂಬ ದೊರೆಯ ಒಪ್ಪಿಗೆ. ತಾಯಿತಂದೆಯರ ಮಾತು ಕೇಳಬೇಕು, ಸತ್ಯವನ್ನಾಡಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕೆಂಬ ಹಿತವಚನ. ಇಷ್ಟೇ. "ಇದಕ್ಕಾಗಿ ಇಷ್ಟು ದೂರ ಬರಬೇಕಾಗಿತ್ತೇ ಅಪ್ಪ?" ಎಂದು ಮಕ್ಕಳು ಕೇಳಿದರೆ ತಂದೆಯ ಬಳಿ ಉತ್ತರವಿರುವುದಿಲ್ಲ.

ಗುರುತಿಲ್ಲದ ಲೇಖಕನ ಕಾದಂಬರಿಯನ್ನು ಕೈಗೆತ್ತಿಕೊಂಡ ಓದುಗನ ಪಾಡೂ ಹೆಚ್ಚು ಕಡಿಮೆ ಇದೇ. ಅದರಲ್ಲಿಯೂ ಈ ಸೀಮೆಯ ಓದುಗನ ಕಷ್ಟ ಒಂದು ಕೈ ಮಿಗಿಲು. ಏಕೆಂದರೆ ಅವನಿಗೆ ತ.ರಾ.ಸು. ಅವರಿದ್ದಾರೆ. ಅವರ ಹೆಸರಿನ ಮೊದಲ ಅಕ್ಷರವೇ ಚಳ್ಳಕೆರೆ ತಾಲ್ಲೂಕಿನ ತಳುಕು. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ'ಗಳಿಂದ ತೊಡಗಿ 1982ರ 'ದುರ್ಗಾಸ್ತಮಾನ'ದವರೆಗೆ, ಅವರು ಈ ನಾಡಿನ ಬರಡು ಕಲ್ಲುಗಳಿಗೆ ಮಾತು ಕಲಿಸಿದರು. 1779ರಲ್ಲಿ ಹೈದರಾಲಿಯ ಕೈಗೆ ದುರ್ಗ ಸಿಕ್ಕಿದ ಕಥೆಯನ್ನು ಓದುವ ಚಿತ್ರದುರ್ಗದವನಿಗೆ ಕೋಟೆ ಕಿಟಕಿಯಾಚೆಯೇ ಕಾಣುತ್ತದೆ. ಅಂಥ ಓದುಗನು ಕಪಾಟಿನಲ್ಲಿದ್ದ ತ.ರಾ.ಸು. ಅವರನ್ನೆಲ್ಲ ಮುಗಿಸಿ, ಬೇರೆ ದಾರಿಯಿಲ್ಲದೆ ಪಕ್ಕದ ಪುಸ್ತಕಕ್ಕೆ ಕೈ ಹಾಕುತ್ತಾನೆ.

ಅದು ಯಶವಂತ ಚಿತ್ತಾಲರ 'ಶಿಕಾರಿ' ಎಂದಿಟ್ಟುಕೊಳ್ಳೋಣ. 1979ರ ಕಾದಂಬರಿ. ಹೆಸರನ್ನು ನೋಡಿದರೆ ಕಾಡು, ಕೋವಿ, ಹುಲಿ ಇರಬೇಕು. ತೆರೆದರೆ ಮುಂಬಯಿ, ಕಂಪನಿಯೊಂದರ ಕೆಲಸದಿಂದ ಅಮಾನತುಗೊಂಡ ನಾಗಪ್ಪನೆಂಬ ಅಧಿಕಾರಿ, ಅವನ ಭಯ, ಅವನ ಅನುಮಾನ. ಹೊರಗೆ ನಡೆಯುವುದಕ್ಕಿಂತ ತಲೆಯೊಳಗೆ ನಡೆಯುವುದೇ ಹೆಚ್ಚು. ಮೂವತ್ತನೆಯ ಪುಟದ ಹೊತ್ತಿಗೆ ಓದುಗ ಪುಸ್ತಕವನ್ನು ಮುಚ್ಚುತ್ತಾನೆ. "ಈಗಿನವರಿಗೆ ಕಥೆ ಹೇಳಲು ಬರುವುದಿಲ್ಲ" ಎಂಬ ತೀರ್ಪು ಊಟದ ಹೊತ್ತಿಗೆ ಮನೆಯವರಿಗೆಲ್ಲ ತಿಳಿಯುತ್ತದೆ.

ವಿಚಿತ್ರವೆಂದರೆ, ಅವನು ದುರ್ಗದ ಕಥೆಗಳಲ್ಲಿ ಉಸಿರು ಬಿಗಿಹಿಡಿದು ಓದಿದ್ದು ಯಾವುದನ್ನು? ಅರಮನೆಯ ಒಳಸಂಚನ್ನು, ಉಂಡ ಮನೆಗೆ ಎರಡೆಣಿಸುವವರನ್ನು, ನಂಬಿದವನನ್ನು ಹಿಂದಿನಿಂದ ಇರಿಯುವ ಕೈಯನ್ನು. 'ಶಿಕಾರಿ'ಯಲ್ಲಿರುವುದೂ ಅದೇ. ಅಲ್ಲಿ ದಳವಾಯಿ, ಇಲ್ಲಿ ಕಂಪನಿಯ ಮೇಲಧಿಕಾರಿ; ಅಲ್ಲಿ ಕತ್ತಿ, ಇಲ್ಲಿ ಟೈಪು ಮಾಡಿದ ಕಾಗದ. ವೇಷ ಬದಲಾದ ಮಾತ್ರಕ್ಕೆ ಹಳೆಯ ಪರಿಚಯದವನನ್ನೇ ಓದುಗ ಬಾಗಿಲಲ್ಲಿ ನಿಲ್ಲಿಸಿ ಕಳುಹಿಸಿಬಿಟ್ಟ.

ಹಾಗೆಂದು ಎಲ್ಲ ತಪ್ಪನ್ನೂ ಓದುಗನ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಪರಿಚಿತರ ಕಾದಂಬರಿಗಳಲ್ಲಿ ನಿಜವಾಗಿಯೂ ಕಳಪೆಯಾದವು ಹೇರಳ. ಬೆನ್ನುಡಿಯಲ್ಲಿ ಹೊಗಳಿಕೆಯ ಹೊಳೆ, ಒಳಗೆ ನೀರಿಲ್ಲದ ಕೆರೆ. ತಿಂಗಳಿಗೊಂದು ಪುಸ್ತಕ ಕೊಳ್ಳುವ ಸಂಸಾರವು ಒಮ್ಮೆ ಹೀಗೆ ಮೋಸಹೋದರೆ, ಮುಂದಿನ ಒಂದು ವರ್ಷ ಗುರುತಿಲ್ಲದ ಹೆಸರಿನತ್ತ ತಿರುಗಿಯೂ ನೋಡುವುದಿಲ್ಲ. ಆ ದಂಡವನ್ನು ತೆರುವವನು ಮೋಸ ಮಾಡಿದ ಲೇಖಕನಲ್ಲ. ಅವನ ನಂತರ ಮೊದಲ ಪುಸ್ತಕ ಹಿಡಿದು ಬರುವ ಬಡಪಾಯಿ. ಆ ಪುಸ್ತಕ ಮಾರಾಟವಾಗದಿದ್ದರೆ ಅವನ ಎರಡನೆಯ ಪುಸ್ತಕ ಹುಟ್ಟುವುದೇ ಅನುಮಾನ.

ಓದುಗರು ಅನಿವಾರ್ಯವಾಗಿ ಹೊಸಬರನ್ನು ಹುಡುಕಬೇಕಾಗಿ ಬಂದ ಕಾಲವೂ ಇತ್ತು. 1963ರಲ್ಲಿ ತ್ರಿವೇಣಿಯವರು 35 ತುಂಬುವ ಮೊದಲೇ ತೀರಿಕೊಂಡರು. ಮುಂದಿನ ಕಾದಂಬರಿಗಾಗಿ ಕಾಯುತ್ತಿದ್ದ ಮನೆಮನೆಯ ಹೆಂಗಸರಿಗೆ ಅದು ಹತ್ತಿರದ ಬಂಧುವನ್ನು ಕಳೆದುಕೊಂಡಂತೆ. ಅದೇ ವರ್ಷ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರ' ಹೊರಬಂದಿತು. ಲೇಖಕಿಗೆ ಆಗ 46 ವರ್ಷ; ಕಾದಂಬರಿ ಲೋಕಕ್ಕೆ ಹೊಸ ಹೆಸರು. ತ್ರಿವೇಣಿಯವರ ಮನಸ್ಸಿನ ಸೂಕ್ಷ್ಮ ಬಿರುಕುಗಳನ್ನು ಇಲ್ಲಿ ಹುಡುಕಿದವರಿಗೆ ಸಿಕ್ಕಿದ್ದು ಮಲೆನಾಡಿನ ಅಡುಗೆಮನೆ, ಅಂಗಳ, ಅಲ್ಲಿಯ ಮಾತುಕತೆ. ಹುಡುಕಿದ್ದು ಸಿಗಲಿಲ್ಲವೆಂದು ಎಲ್ಲರೂ ಪುಸ್ತಕ ಮುಚ್ಚಿದ್ದರೆ 1976ರ 'ಫಣಿಯಮ್ಮ'ನನ್ನು ಬರೆಯುವ ಕೈ ಎಂದೋ ಸೋತಿರುತ್ತಿತ್ತೋ ಏನೋ.

ಈ ವಿಷಯದಲ್ಲಿ ವಾರಪತ್ರಿಕೆಯ ಧಾರಾವಾಹಿಯೇ ವಾಸಿ. ಮೊದಲ ಕಂತು ರುಚಿಸದಿದ್ದರೂ ಪತ್ರಿಕೆ ಹೇಗೂ ಮನೆಗೆ ಬರುತ್ತದೆ. ಮೂರನೆಯ ವಾರ ಅಜ್ಜಿ ಓದಿಸಿ ಕೇಳುತ್ತಾರೆ. ಐದನೆಯ ವಾರ ಅಂಚೆಯವನು ತಡಮಾಡಿದರೆ ಜಗಳ. ಗ್ರಂಥಾಲಯದ ಪುಸ್ತಕಕ್ಕೆ ಈ ಭಾಗ್ಯವಿಲ್ಲ. ಅದು ಮೂವತ್ತು ಪುಟಗಳಲ್ಲಿ ಗೆಲ್ಲಬೇಕು, ಇಲ್ಲವೇ ಕಪಾಟಿಗೆ ಮರಳಬೇಕು.

ಮತ್ತೆ ಬ್ರಹ್ಮಗಿರಿಗೆ ಬಂದರೆ, 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಆ ಶಾಸನದಲ್ಲಿ ದೊರೆಯ ಹೆಸರೇ ಇಲ್ಲ, 'ದೇವಾನಾಂಪ್ರಿಯ'ನೆಂಬ ಬಿರುದು ಮಾತ್ರ. ಅಶೋಕನೆಂಬ ಹೆಸರು ಮೊಟ್ಟಮೊದಲು ಅವನದೇ ಶಾಸನವೊಂದರಲ್ಲಿ ದೊರೆತದ್ದು 1915ರಲ್ಲಿ, ಮಸ್ಕಿಯಲ್ಲಿ. ಬರೆದ ಚಪಡನಾದರೋ ತನ್ನ ಹೆಸರನ್ನು ಮರೆಯದೆ ಕೊರೆದಿದ್ದಾನೆ. ಶಾಸನವೆಲ್ಲ ಎಡದಿಂದ ಬಲಕ್ಕೆ ಸಾಗುವ ಬ್ರಾಹ್ಮಿಯಲ್ಲಿದ್ದರೆ, ತಾನು ಲಿಪಿಕಾರನೆಂಬ ಒಂದು ಮಾತನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದ. ಅದೊಂದು ಪದವನ್ನು ಓದಬೇಕಾದವರು ಕಣ್ಣನ್ನು ಬಲದಿಂದ ಎಡಕ್ಕೆ ತಿರುಗಿಸಬೇಕು.