ಪಾಪಲ್‌ಟನ್ ಹಸ್ತಪ್ರತಿ: ತಳ್ಳಿಹಾಕುವವರಿಗೆ ಉತ್ತರ

ಪ್ಯಾರಿಸ್ಸಿನಲ್ಲಿರುವ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ 'ಲ್ಯಾಟಿನ್ 4126' ಎಂಬ ಸಂಖ್ಯೆಯ ಒಂದು ಹಸ್ತಪ್ರತಿ ಇದೆ. ಹದಿನಾಲ್ಕನೆಯ ಶತಮಾನದಲ್ಲಿ ರಾಬರ್ಟ್ ಆಫ್ ಪಾಪಲ್‌ಟನ್ ಎಂಬ ಕಾರ್ಮೆಲೈಟ್ ಸನ್ಯಾಸಿ ಅದನ್ನು ಯಾರ್ಕ್‌ನಲ್ಲಿ ಸಂಕಲಿಸಿದ. ಆಲ್ನಿಕ್ ಊರಿನ ಬಳಿಯ ಹಲ್ನ್ ಮಠಕ್ಕೆ ಆತ 1368ರಲ್ಲಿ ಹಿರಿಯನಾಗಿದ್ದ. ಹೊತ್ತಗೆಯ ಹೆಚ್ಚಿನ ಹಾಳೆಗಳಲ್ಲಿ ಇರುವುದು ಜೆಫ್ರಿ ಆಫ್ ಮಾನ್‌ಮತ್ ಬರೆದ ಬ್ರಿಟನ್ ರಾಜರ ಕಥೆ, ಜೆರಾಲ್ಡ್ ಆಫ್ ವೇಲ್ಸ್‌ನ ಐರ್ಲೆಂಡ್ ವರ್ಣನೆಯಂಥ ಆ ಕಾಲದ ಜನಪ್ರಿಯ ಕೃತಿಗಳು. ಅವುಗಳ ನಡುವೆ ಏಳು ಚಿಕ್ಕ ಬರಹಗಳು ಸ್ಕಾಟ್ಲೆಂಡಿಗೆ ಸೇರಿದವು: ನಾಡಿನ ಒಂದು ಭೂವರ್ಣನೆ, ನಾಡಿನ ಹಳೆಯ ನಿವಾಸಿಗಳಾದ ಪಿಕ್ಟ್ ಜನರ ಮೂಲ ಕುರಿತ ಟಿಪ್ಪಣಿ, ಪಿಕ್ಟ್ ಅರಸರ ರಾಜಾವಳಿ, ಕೆನೆತ್ ಮ್ಯಾಕ್‌ಆಲ್ಪಿನ್‌ನಿಂದ ಎರಡನೆಯ ಕೆನೆತ್‌ನವರೆಗಿನ ಅರಸರ ವೃತ್ತಾಂತ, ಗೇಲರ ನಾಡಾದ ಡಾಲ್ ರಿಯಾಡದ ದೊರೆಗಳಿಂದ ಹಿಡಿದು ಬರುವ ಇನ್ನೊಂದು ರಾಜಾವಳಿ, ವಿಲಿಯಂ ದೊರೆಯ ವಂಶಾವಳಿ, ಸೇಂಟ್ ಆಂಡ್ರೂಸ್ ಚರ್ಚಿನ ಸ್ಥಳಪುರಾಣ. ನಾಲ್ಕನೆಯದಾದ ಅರಸರ ವೃತ್ತಾಂತ ಜಗತ್ತಿನಲ್ಲಿ ಬೇರೆಲ್ಲೂ ಉಳಿದಿಲ್ಲ. ಒಂಬತ್ತು, ಹತ್ತನೆಯ ಶತಮಾನಗಳ ಸ್ಕಾಟ್ಲೆಂಡ್ ತನ್ನ ಬಗ್ಗೆ ತಾನೇ ಹೇಳಿಕೊಂಡ ಕಥನವೆಂದು ನಮಗೆ ದಕ್ಕಿರುವುದು ಬಹುಮಟ್ಟಿಗೆ ಇದೊಂದೇ.

ಈ ಹಸ್ತಪ್ರತಿಯನ್ನು ನಂಬಲಾಗದು ಎನ್ನುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಅವರ ಆಕ್ಷೇಪಣೆಗಳು ಕ್ಷುಲ್ಲಕವಲ್ಲ. ಆದರೆ ಆ ಆಕ್ಷೇಪಣೆಗಳಿಂದ ಅವರು ತಲುಪುವ ತೀರ್ಮಾನ ತಪ್ಪು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲನೆಯ ಆಕ್ಷೇಪಣೆ ಕಾಲದ್ದು. ಹತ್ತನೆಯ ಶತಮಾನದ ಸಂಗತಿಗೆ ಹದಿನಾಲ್ಕನೆಯ ಶತಮಾನದ ಪ್ರತಿ ಸಾಕ್ಷಿಯಾಗುವುದು ಹೇಗೆ? ನಾಲ್ಕು ನೂರು ವರ್ಷಗಳಲ್ಲಿ ಯಾರು ಯಾರು ಏನೇನು ತಿದ್ದಿದರೋ ಎಂದು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಆದರೆ ಹಾಳೆಯ ವಯಸ್ಸು ಬೇರೆ, ಪಾಠದ ವಯಸ್ಸು ಬೇರೆ. ಪಾಠದ ವಯಸ್ಸನ್ನು ಪಾಠದ ಒಳಗೇ ಹುಡುಕಬೇಕು. ಸ್ಕಾಟ್ಲೆಂಡಿನ ಬರಹಗಳಲ್ಲಿ ವಂಶಾವಳಿ ಬಂದು ನಿಲ್ಲುವುದು ವಿಲಿಯಂ ದೊರೆಯಲ್ಲಿ. ಆತ ಆಳಿದ್ದು 1165ರಿಂದ 1214ರವರೆಗೆ. ಎಂದರೆ ಪಾಪಲ್‌ಟನ್‌ಗಿಂತ ಒಂದೂವರೆ ಶತಮಾನ ಮುಂಚೆಯೇ ಯಾರೋ ಇವನ್ನು ಒಂದೆಡೆ ಕೂಡಿಸಿದ್ದರು. ಅದಕ್ಕೂ ಕೆಳಗೆ ಇನ್ನೊಂದು ಪದರವಿದೆ. ಅರಸರ ವೃತ್ತಾಂತ ಪ್ರತಿಯೊಬ್ಬ ದೊರೆಯೂ ಎಷ್ಟು ವರ್ಷ ಆಳಿದ ಎಂದು ಹೇಳುತ್ತ ಬರುತ್ತದೆ. ಕೊನೆಗೆ ಬರುವ ಎರಡನೆಯ ಕೆನೆತ್‌ನ ಹತ್ತಿರ ಮಾತ್ರ ವರ್ಷಗಳ ಸಂಖ್ಯೆ ಬರೆಯದೆ ಜಾಗ ಬಿಟ್ಟಿದೆ. ಆತ ಆಳಿದ್ದು 971ರಿಂದ 995ರವರೆಗೆ. ಆತನ ಆಳ್ವಿಕೆ ಇನ್ನೂ ಮುಗಿದಿರಲಿಲ್ಲ, ಆದ್ದರಿಂದ ಬರೆದವನು ಜಾಗ ಬಿಟ್ಟ ಎಂಬುದು ಇದಕ್ಕೆ ಅತ್ಯಂತ ಸಹಜವಾದ ವಿವರಣೆ. ಮುಂದಿನ ಪ್ರತಿಕಾರರಲ್ಲಿ ಒಬ್ಬನೂ ಅದನ್ನು ತುಂಬಲಿಲ್ಲ. ತಿದ್ದುವ ಚಟವಿದ್ದವರು ಹೀಗೆ ಬಿಡುತ್ತಿದ್ದರೇ?

ಪಾಪಲ್‌ಟನ್‌ನ ಹೊತ್ತಗೆ ತಪ್ಪುಗಳಿಂದ ತುಂಬಿದೆ ಎಂಬ ದೂರೂ ಇದರ ಜೊತೆಗೇ ಬರುತ್ತದೆ. ನಿಜ, ತುಂಬಿದೆ. ಮಾಲ್ ಕೊಲುಂ ಎಂಬ ದೊರೆಯ ಹೆಸರಿನಲ್ಲಿ ಅರ್ಧವೇ ಬಿಟ್ಟುಹೋಗಿ 'ಮಾಲ್' ಮಾತ್ರ ಉಳಿದಿರುವ ಜಾಗವಿದೆ. ಏಡ್ ಎಂಬ ದೊರೆ ಸತ್ತ ಊರಿನ ಹೆಸರು ಇಂದಿಗೂ ಯಾರೂ ಖಚಿತವಾಗಿ ಗುರುತಿಸಲಾರದಷ್ಟು ಕೆಟ್ಟಿದೆ. ಆದರೆ ಇವೆಲ್ಲ ಭಾಷೆ ತಿಳಿಯದವನ ಕಣ್ತಪ್ಪುಗಳು. ಉದ್ದೇಶವಿಟ್ಟು ಕಥೆ ಕಟ್ಟುವವನ ತಿದ್ದುಪಡಿಗಳಲ್ಲ. ಗೇಲಿಕ್ ತಿಳಿಯದ, ಪಿಕ್ಟ್ ಭಾಷೆಯ ಹೆಸರನ್ನೇ ಕೇಳಿರದ ಪ್ರತಿಕಾರ ಮುಂದಿದ್ದ ಅಕ್ಷರಗಳನ್ನು ಕಂಡಂತೆ ಬರೆದುಕೊಳ್ಳುತ್ತಾನೆ. ಅದರಿಂದ ನಮಗಾದ ಲಾಭ ನೋಡಿ. ಬೇರೆ ಹಸ್ತಪ್ರತಿಗಳ ರಾಜಾವಳಿಗಳಲ್ಲಿ ಪಿಕ್ಟ್ ಅರಸರ ಹೆಸರುಗಳು ಗೇಲಿಕ್ ರೂಪಕ್ಕೆ ತಿರುಗಿಬಿಟ್ಟಿವೆ. ಇಲ್ಲಿ 'ಉರ್ಗುಯಿಸ್ತನ ಮಗ ಒನುಯಿಸ್ತ' ಎಂಬ ಹಳೆಯ ಪಿಕ್ಟ್ ರೂಪವೇ ನಿಂತಿದೆ. ಗೇಲಿಕ್ ಬಲ್ಲವನು ಬರೆದಿದ್ದರೆ ಅದು 'ಫರ್ಗಸ್‌ನ ಮಗ ಓಂಗಸ್' ಆಗಿಬಿಡುತ್ತಿತ್ತು. ಕೆಲವು ಚಿಕ್ಕ ಶಾಸನಗಳ ಹೊರತು ಹೆಚ್ಚೇನೂ ಬರಹ ಬಿಟ್ಟುಹೋಗದ ಜನರ ನುಡಿಯ ಚೂರುಗಳು ಈ ಪಟ್ಟಿಯಲ್ಲಿ ಉಳಿದಿವೆ. ಇಂಥ ಅಜ್ಞಾನಕ್ಕೆ ಚರಿತ್ರಕಾರ ಋಣಿಯಾಗಿರಬೇಕು.

ಎರಡನೆಯ ಆಕ್ಷೇಪಣೆಯಲ್ಲಿ ರಾಜಕೀಯವಿದೆ. ಇದು ಇಂಗ್ಲೆಂಡಿನಲ್ಲಿ ಬರೆದದ್ದು, ಅದೂ ಯಾರ್ಕ್‌ನಲ್ಲಿ. ಸ್ಕಾಟ್ಲೆಂಡಿನ ಚರ್ಚು ತನ್ನ ಅಧೀನ ಎಂದು ಯಾರ್ಕಿನ ಆರ್ಚ್‌ಬಿಷಪ್ ಪಟ್ಟುಹಿಡಿದಿದ್ದ ಊರು ಅದು. 1192ರಲ್ಲಿ ಪೋಪ್ ಮೂರನೆಯ ಸೆಲೆಸ್ಟೀನ್ ಸ್ಕಾಟ್ಲೆಂಡಿನ ಚರ್ಚನ್ನು ರೋಮಿನ ನೇರ ಮಗಳೆಂದು ಘೋಷಿಸಬೇಕಾಯಿತು. ಅಂಥ ಊರಿನ ಪ್ರತಿಯಲ್ಲಿ ಇಂಗ್ಲಿಷರ ಕೈವಾಡ ಇರದೇ ಇರುತ್ತದೆಯೇ ಎಂಬುದು ಅನುಮಾನ. ಇದಕ್ಕೆ ಹಸ್ತಪ್ರತಿಯ ವಸ್ತುವೇ ಉತ್ತರ ಕೊಡುತ್ತದೆ. ಕೈವಾಡ ನಡೆಸುವವನು ಯಾವುದನ್ನು ಮೊದಲು ತೆಗೆದುಹಾಕುತ್ತಿದ್ದ? ಪವಿತ್ರ ಆಂಡ್ರೂವಿನ ಅಸ್ಥಿಗಳು ಪಿಕ್ಟ್ ದೊರೆಯ ನಾಡಿಗೆ ಬಂದವೆಂದು ಹೇಳಿ ಸ್ಕಾಟ್ಲೆಂಡಿನ ಚರ್ಚಿಗೆ ಅಪೊಸ್ತಲನ ಆಸರೆಯನ್ನೇ ಕೊಡುವ ಸೇಂಟ್ ಆಂಡ್ರೂಸ್ ಕಥೆಯನ್ನು. ಅದು ಇಡಿಯಾಗಿ ಉಳಿದಿದೆ. ಕೆನೆತ್ ಮ್ಯಾಕ್‌ಆಲ್ಪಿನ್ ಆರು ಸಲ ಸ್ಯಾಕ್ಸನರ ನಾಡಿನ ಮೇಲೆ ದಾಳಿ ಮಾಡಿದ, ಡನ್‌ಬಾರನ್ನು ಸುಟ್ಟ ಎಂಬುದೂ ಉಳಿದಿದೆ. ಎಡಿನ್‌ಬರೋ ಕೋಟೆ ಇಂಡುಲ್ಫ್ ಎಂಬ ದೊರೆಯ ಕಾಲದಲ್ಲಿ ಸ್ಕಾಟರ ಕೈಸೇರಿತು, ಇಂದಿಗೂ ಅವರದೇ ಎಂಬ ಮಾತೂ ಉಳಿದಿದೆ. ಪಾಪಲ್‌ಟನ್‌ಗೆ ಇದ್ದದ್ದು ಸಂಗ್ರಾಹಕನ ಹಸಿವು. ತನಗಾಗಿ ಪ್ರಾರ್ಥಿಸಿ ಎಂದು ಓದುಗರನ್ನು ಬೇಡಿಕೊಂಡು ತನ್ನ ಹೆಸರನ್ನು ಬರೆದುಕೊಂಡಿದ್ದಾನೆ. ಆತ ಬೇಡಿಕೊಂಡದ್ದು ಅಷ್ಟೇ.

ಮೂರನೆಯದು: ಇದರಲ್ಲಿ ಕಟ್ಟುಕಥೆಗಳಿವೆ, ಆದ್ದರಿಂದ ಇಡೀ ಸಂಗ್ರಹವೇ ಕಟ್ಟುಕಥೆ. ಕಟ್ಟುಕಥೆಗಳಿವೆ ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಭೂವರ್ಣನೆಯ ಆರಂಭದಲ್ಲಿ, ಟ್ರಾಯ್ ವಂಶದ ಬ್ರೂಟಸ್‌ನ ಮಗ ಆಲ್ಬನಾಕ್ಟಸ್‌ನಿಂದ ನಾಡಿಗೆ ಆಲ್ಬೇನಿಯ ಎಂಬ ಹೆಸರು ಬಂತು ಎಂದಿದೆ. ಇದು ಜೆಫ್ರಿ ಆಫ್ ಮಾನ್‌ಮತ್ 1130ರ ದಶಕದಲ್ಲಿ ಹಬ್ಬಿಸಿದ ಕಥೆ. ಇಂಗ್ಲೆಂಡಿನ ಒಂದನೆಯ ಎಡ್ವರ್ಡ್ ಸ್ಕಾಟ್ಲೆಂಡಿನ ಮೇಲೆ ತನ್ನ ಒಡೆತನ ಸಾಧಿಸಲು 1301ರಲ್ಲಿ ಪೋಪನಿಗೆ ಬರೆದ ಪತ್ರದಲ್ಲಿ ಬಳಸಿಕೊಂಡದ್ದೂ ಇದೇ ಬ್ರೂಟಸ್ ಕಥೆಯನ್ನು. ಪಿಕ್ಟ್ ರಾಜಾವಳಿಯ ಮೊದಲಲ್ಲಿ ಕ್ರುಯಿದ್ನೆ ಎಂಬ ಮೂಲಪುರುಷ ನೂರು ವರ್ಷ ಆಳಿದನಂತೆ, ಆಮೇಲೆ ಅವನ ಏಳು ಮಕ್ಕಳಂತೆ, ಮುಂದೆ ಬ್ರೂದೆ ಎಂಬ ಒಂದೇ ಹೆಸರಿನ ಮೂವತ್ತು ಜನರಂತೆ. ಇದನ್ನು ಚರಿತ್ರೆ ಎಂದು ಯಾವ ವಿದ್ವಾಂಸನೂ ವಾದಿಸುವುದಿಲ್ಲ. ನೆಕ್ಟನ್ ಎಂಬ ದೊರೆಯ ಹೆಸರಿನ ಬಳಿ ಪಟ್ಟಿ ದಿಢೀರನೆ ನಿಂತು, ಅಬರ್ನೆತಿಯ ಚರ್ಚಿಗೆ ಆತ ಭೂಮಿ ದಾನ ಮಾಡಿದ್ದನ್ನು ಗಡಿಕಲ್ಲುಗಳ ಸಮೇತ ಹೇಳುತ್ತದೆ. ಇದು ಆ ಚರ್ಚಿನವರು ತಮ್ಮ ಹಕ್ಕಿಗಾಗಿ ಸೇರಿಸಿದ ಪ್ರಕ್ಷೇಪ ಎಂಬುದು ಓದಿದ ಕೂಡಲೇ ತಿಳಿಯುತ್ತದೆ.

ಆದರೆ ಕಲ್ಲು ಸಿಕ್ಕಿತೆಂದು ಮೊರದ ಅಕ್ಕಿಯನ್ನೆಲ್ಲ ಚೆಲ್ಲುವವರಿಲ್ಲ, ಆರಿಸುತ್ತಾರೆ. ಏಳು ಬರಹಗಳೂ ಒಬ್ಬನ ಕೃತಿಯಲ್ಲ, ಒಂದು ಕಾಲದವೂ ಅಲ್ಲ. ಭೂವರ್ಣನೆಯ ತಲೆಯಲ್ಲಿರುವ ಬ್ರೂಟಸ್ ಅರಸರ ವೃತ್ತಾಂತದಲ್ಲಿ ಎಲ್ಲೂ ಸುಳಿಯುವುದಿಲ್ಲ. ಅದೇ ರಾಜಾವಳಿಯಲ್ಲಿ, ಆ ಮೂವತ್ತು ಬ್ರೂದೆಗಳಿಂದ ಬಹಳ ಕೆಳಗೆ, ಮೈಲ್ಕನ್‌ನ ಮಗ ಬ್ರಿದೆಯ್ ತನ್ನ ಆಳ್ವಿಕೆಯ ಎಂಟನೆಯ ವರ್ಷದಲ್ಲಿ ಸಂತ ಕೊಲಂಬನಿಂದ ದೀಕ್ಷಾಸ್ನಾನ ಪಡೆದ ಎಂದಿದೆ. ಎಂಟನೆಯ ಶತಮಾನದಲ್ಲಿ ನಾರ್ತಂಬ್ರಿಯದಲ್ಲಿ ಕೂತು ಬರೆದ ಬೀಡ್, ಕೊಲಂಬ ಬ್ರಿಟನ್ನಿಗೆ ಬಂದದ್ದು ಇದೇ ದೊರೆಯ ಒಂಬತ್ತನೆಯ ವರ್ಷದಲ್ಲಿ ಎನ್ನುತ್ತಾನೆ. ಒಂದು ವರ್ಷದ ವ್ಯತ್ಯಾಸವಿದೆ. ಆ ವ್ಯತ್ಯಾಸವೇ ಒಂದು ಇನ್ನೊಂದರ ನಕಲಲ್ಲ ಎಂಬ ನಂಬಿಕೆ ಹುಟ್ಟಿಸುತ್ತದೆ.

ಇನ್ನೊಂದು ಸಂಗತಿಯನ್ನು ಆಕ್ಷೇಪಕರು ಮರೆಯುತ್ತಾರೆ. ಸ್ಕಾಟ್ಲೆಂಡಿನ ಅತಿದೊಡ್ಡ ಚಾರಿತ್ರಿಕ ಕಟ್ಟುಕಥೆಯನ್ನು ಕೆಡವಲು ನೆರವಾದದ್ದೇ ಈ ಹಸ್ತಪ್ರತಿ. ಹೆಕ್ಟರ್ ಬೋಯೆಸ್ 1527ರಲ್ಲಿ ಅಚ್ಚು ಮಾಡಿಸಿದ ಚರಿತ್ರೆ ಕ್ರಿಸ್ತಪೂರ್ವದಿಂದ ಆಳಿದರೆನ್ನಲಾದ ಸುಮಾರು ನಲವತ್ತು ದೊರೆಗಳನ್ನು ಹೆಸರಿಟ್ಟು ಪಟ್ಟಕ್ಕೇರಿಸಿತು. ಆಮೇಲಿನ ಚರಿತ್ರಕಾರ ಜಾರ್ಜ್ ಬುಕನನ್ ಆ ದೊರೆಗಳನ್ನು ಹಾಗೇ ಉಳಿಸಿಕೊಂಡ. 1684ರಿಂದ 1686ರ ಅವಧಿಯಲ್ಲಿ ಯಾಕೊಬ್ ಡ ವೆಟ್ ಎಂಬ ಡಚ್ ಚಿತ್ರಕಾರ ಹಾಲಿರೂಡ್ ಅರಮನೆಗಾಗಿ, ಎಂದೂ ಬದುಕಿರದ ಆ ದೊರೆಗಳ ಮುಖಗಳನ್ನೂ ಬರೆದುಕೊಟ್ಟ. ಪ್ಯಾರಿಸ್ಸಿನ ಸ್ಕಾಟ್ಸ್ ಕಾಲೇಜಿನಲ್ಲಿದ್ದ ಪಾದ್ರಿ ಥಾಮಸ್ ಇನ್ನೆಸ್, ಫ್ರೆಂಚ್ ಮಂತ್ರಿ ಕೊಲ್ಬೇರನ ಗ್ರಂಥಸಂಗ್ರಹದಲ್ಲಿದ್ದ ಈ ಹಸ್ತಪ್ರತಿಯ ಪಾಠಗಳನ್ನು 1729ರಲ್ಲಿ ತನ್ನ ವಿಮರ್ಶಾಗ್ರಂಥದ ಜೊತೆ ಅಚ್ಚು ಹಾಕಿಸಿ, ಹಳೆಯ ಪಟ್ಟಿಗಳಲ್ಲಿ ಆ ನಲವತ್ತರ ಸುಳಿವೇ ಇಲ್ಲ ಎಂದು ತೋರಿಸಿದ. ತನ್ನ ದೇಶದ ಅರಸೊತ್ತಿಗೆಯ ನಿಷ್ಠ ಬೆಂಬಲಿಗನೇ ಆಗಿದ್ದ ಆತ, ಆ ಅರಸೊತ್ತಿಗೆಯ ಪ್ರಾಚೀನತೆ ಹೊಗಳುವ ಕಥೆಯನ್ನು ಆಧಾರ ಕಂಡ ಮೇಲೆ ಕೈಬಿಟ್ಟ. ಆ ಪ್ರಾಮಾಣಿಕತೆಯ ಬಗ್ಗೆ ನನಗೆ ದೊಡ್ಡ ಗೌರವವಿದೆ.

ನಾಲ್ಕನೆಯದಾಗಿ, ತೇದಿಗಳು ಗೊಂದಲಮಯ ಎನ್ನುತ್ತಾರೆ. ವೃತ್ತಾಂತ ಇಸವಿ ಕೊಡುವುದಿಲ್ಲ. ಇಂಥ ದೊರೆಯ ಇಂಥ ವರ್ಷ ಎನ್ನುತ್ತದೆ. ರೋಮನ್ ಅಂಕಿಯಲ್ಲಿ ಒಂದು ಗೀಟು ಬಿಟ್ಟರೂ ಲೆಕ್ಕ ತಪ್ಪುತ್ತದೆ, ತಪ್ಪಿದೆ ಕೂಡ. ಎರಡನೆಯ ಕಾನ್‌ಸ್ಟಂಟೈನ್‌ನ ಮೂವತ್ನಾಲ್ಕನೆಯ ವರ್ಷದಲ್ಲಿ ಅವನ ಮಗ ಸತ್ತ ಯುದ್ಧ ನಡೆಯಿತು ಎಂದಿದೆ. ಅದು ಬ್ರುನಾನ್‌ಬರ್ ಯುದ್ಧ, ನಡೆದದ್ದು 937ರಲ್ಲಿ. 900ರಲ್ಲಿ ಪಟ್ಟಕ್ಕೆ ಬಂದವನ ಲೆಕ್ಕದಲ್ಲಿ ಮೂರು ವರ್ಷ ಹೆಚ್ಚುಕಡಿಮೆ. ಆದರೆ ಆ ಯುದ್ಧದಲ್ಲಿ ಕಾನ್‌ಸ್ಟಂಟೈನ್ ಮಗನನ್ನು ಕಳೆದುಕೊಂಡ ಎಂದು ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್ಲೂ ಹೇಳುತ್ತದೆ. ಸ್ಟ್ರಾತರ್ನ್‌ನಲ್ಲಿ ನಾರ್ಸ್ ದಾಳಿಕೋರರು ಹತರಾದರು ಎಂದು ಅದೇ ದೊರೆಯ ಆರಂಭದ ವರ್ಷಗಳಲ್ಲಿ ಬರುತ್ತದೆ. ಐರ್ಲೆಂಡಿನ ಅಲ್‌ಸ್ಟರ್ ವರ್ಷಾವಳಿ 904ರಲ್ಲಿ ಈವರ್‌ನ ಮೊಮ್ಮಗ ಈವರ್ ಎಂಬ ನಾರ್ಸ್ ನಾಯಕನನ್ನು ಫೋರ್ಟ್ರಿಯು ಎಂಬ ಪಿಕ್ಟ್ ನಾಡಿನ ಜನ ಕೊಂದರು ಎನ್ನುತ್ತದೆ. ಮೂರು ನಾಡುಗಳಲ್ಲಿ ಬೇರೆ ಬೇರೆ ಕೈಗಳು ಬರೆದದ್ದು ಹೀಗೆ ಕೂಡಿಬಂದರೆ ಅದನ್ನು ಆಕಸ್ಮಿಕ ಎನ್ನಲಾಗದು.

ಎಲ್ಲಕ್ಕಿಂತ ಬಲವಾದ ಸಾಕ್ಷಿ ಆಕಾಶದ್ದು. ಎಯೋಖೈದ್ ಎಂಬ ದೊರೆಯ ಆಳ್ವಿಕೆಯಲ್ಲಿ, ಸಂತ ಸಿರಿಕಸ್‌ನ ಹಬ್ಬದ ದಿನವೇ ಸೂರ್ಯಗ್ರಹಣವಾಯಿತು ಎಂದು ಒಂದು ಸಣ್ಣ ವಾಕ್ಯವಿದೆ. ಆ ಸಂತನ ಹಬ್ಬ ಜೂನ್ 16. ಖಗೋಳ ಗಣಿತದ ಪ್ರಕಾರ 885ರ ಜೂನ್ 16ರಂದು ಸ್ಕಾಟ್ಲೆಂಡಿಗೆ ಕಾಣುವಂಥ ಸೂರ್ಯಗ್ರಹಣ ನಿಜವಾಗಿ ಸಂಭವಿಸಿದೆ. ಹದಿನಾಲ್ಕನೆಯ ಶತಮಾನದ ಯಾರ್ಕ್‌ನಲ್ಲಾಗಲಿ, ಹನ್ನೆರಡನೆಯ ಶತಮಾನದ ಸ್ಕಾಟ್ಲೆಂಡಿನಲ್ಲಾಗಲಿ ಕುಳಿತವನು ಹಿಂದಕ್ಕೆ ಲೆಕ್ಕ ಹಾಕಿ ಇದನ್ನು ತುರುಕಿರಲು ಕಾರಣವೇ ಇಲ್ಲ. ಕಂಡವರು ಬರೆದಿಟ್ಟದ್ದು, ಪ್ರತಿಯಿಂದ ಪ್ರತಿಗೆ ಇಳಿದು ಬಂದಿದೆ. ತೇದಿಗಳನ್ನು ಮುಂದಿಟ್ಟು ವೃತ್ತಾಂತವನ್ನು ಅಲ್ಲಗಳೆಯುವವರು ಈ ವಾಕ್ಯಕ್ಕೆ ಸಮಾಧಾನ ಹೇಳಲೇಬೇಕು.

ಭೂವರ್ಣನೆ ನಾಡನ್ನು ಮನುಷ್ಯನ ಆಕಾರದಲ್ಲಿ ಕಲ್ಪಿಸಿಕೊಂಡು ಆರ್ಗೈಲನ್ನು ತಲೆ ಎಂದೂ, ಟೇ ಮತ್ತು ಸ್ಪೇ ನದಿಗಳನ್ನು ಕಾಲುಗಳೆಂದೂ ಹೇಳುವುದನ್ನು ಕೆಲವರು ಹಾಸ್ಯ ಮಾಡುತ್ತಾರೆ. ನಕ್ಷೆಯಿಲ್ಲದ ಕಾಲದಲ್ಲಿ ನಾಡನ್ನು ನೆನಪಿಟ್ಟುಕೊಳ್ಳಲು ಅದೊಂದು ಉಪಾಯ. ಅದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಗಮನಿಸಬೇಕಾದದ್ದು ಮುಂದಿನ ಭಾಗ. ನಾಡಿನ ಏಳು ಪಾಲುಗಳ ಒಂದು ಪಟ್ಟಿ ಕೊಟ್ಟ ಮೇಲೆ, ಕೇತ್‌ನೆಸ್‌ನ ಬಿಷಪ್ ಆಂಡ್ರ್ಯೂ ಹೇಳಿದ್ದು ಎಂದು ಇನ್ನೊಂದು ಪಟ್ಟಿಯನ್ನೂ ಕೊಡುತ್ತದೆ. ಈ ಬಿಷಪ್ ಡನ್‌ಫರ್ಮ್‌ಲಿನ್ ಮಠದಲ್ಲಿದ್ದವನು, ತೀರಿಕೊಂಡದ್ದು 1184ರಲ್ಲಿ. ಎರಡು ಪಟ್ಟಿಗಳೂ ಹೊಂದುವುದಿಲ್ಲ: ಒಂದರಲ್ಲಿ ಕೇತ್‌ನೆಸ್ ಇದೆ, ಇನ್ನೊಂದರಲ್ಲಿ ಅದರ ಬದಲು ಆರ್ಗೈಲ್ ಇದೆ. ಬರೆದವನು ಹೊಂದಿಸಲು ಹೋಗದೆ ಎರಡನ್ನೂ ಹಾಗೇ ಇಟ್ಟ, ಎರಡನೆಯದು ಯಾರು ಹೇಳಿದ್ದೆಂದೂ ತಿಳಿಸಿದ.

ಕೊನೆಯ ಆಕ್ಷೇಪಣೆ ಅತ್ಯಂತ ಗಂಭೀರವಾದದ್ದು. ವೃತ್ತಾಂತದ ಮೊದಲಲ್ಲೇ ಕೆನೆತ್ ಪಿಕ್ಟರನ್ನು ನಾಶಮಾಡಿದ, ಅವರ ದುಷ್ಟತನಕ್ಕೆ ದೇವರೇ ಅವರ ಸೊತ್ತನ್ನು ಕಸಿದುಕೊಂಡ ಎಂಬರ್ಥದ ಮಾತಿದೆ. ಕೆಲವರು ಇದನ್ನು ಅಕ್ಷರಶಃ ನಂಬಿ ಒಂದು ಜನಾಂಗದ ಕಗ್ಗೊಲೆಯ ಚರಿತ್ರೆ ಬರೆದರು. ಮತ್ತೆ ಕೆಲವರು ಇದು ಸುಳ್ಳು, ಹಾಗಾಗಿ ಮುಂದಿನದೂ ಸುಳ್ಳು ಎಂದರು. ಇಬ್ಬರೂ ಮುಂದಿನ ಪುಟಗಳನ್ನು ಗಮನವಿಟ್ಟು ಓದಲಿಲ್ಲ.

ಆ ಮಾತು ಬರುವ ರೀತಿಯನ್ನೇ ನೋಡಿ. ಈಗಾಗಲೇ ಹೇಳಿದ್ದೇವೆ ಎಂಬ ಧಾಟಿಯಲ್ಲಿ ಅದು ಬರುತ್ತದೆ. ಆದರೆ ವೃತ್ತಾಂತ ಶುರುವಾಗುವುದೇ ಅಲ್ಲಿ, ಅದಕ್ಕೆ ಮುಂಚೆ ಏನನ್ನೂ ಹೇಳಿಲ್ಲ. ಎಂದರೆ ಬೇರೆ ಎಲ್ಲಿಂದಲೋ ಕಿತ್ತು ತಂದು ಅಂಟಿಸಿದ ಪೀಠಿಕೆ ಅದು. ಪೀಠಿಕೆ ದಾಟಿದ ಮೇಲೆ ಒಳಗಿನ ಟಿಪ್ಪಣಿಗಳು ಬೇರೆಯೇ ಕಥೆ ಹೇಳುತ್ತವೆ. ಕೆನೆತ್ ಪ್ರಾಣಬಿಟ್ಟದ್ದು ಪಿಕ್ಟ್ ದೊರೆಗಳ ನೆಲೆಯಾಗಿದ್ದ ಫೋರ್ಟೆವಿಯಟ್ ಅರಮನೆಯಲ್ಲಿ. ಅವನ ತಮ್ಮನ ಕಾಲದಲ್ಲಿ ಗೇಲರು ತಮ್ಮ ಹಳೆಯ ದೊರೆ ಏಡ್‌ನ ಕಾನೂನುಗಳನ್ನು ಅದೇ ಫೋರ್ಟೆವಿಯಟ್‌ನಲ್ಲಿ ವಿಧಿಸಿಕೊಂಡರು. ಅವನ ಮಗನ ಕಾಲದಲ್ಲಿ ನಾರ್ಸರು ಕೊಳ್ಳೆ ಹೊಡೆದ ನಾಡಿನ ಹೆಸರು ಇನ್ನೂ 'ಪಿಕ್ಟಾವಿಯ' ಎಂದೇ ಇದೆ. ಮೊಮ್ಮಗ ಡೊನಾಲ್ಡ್‌ನ ಕಾಲದಲ್ಲೂ ಹಾಗೆಯೇ. ಅವನ ನಂತರ ಬಂದ ಎರಡನೆಯ ಕಾನ್‌ಸ್ಟಂಟೈನ್‌ನ ಕಾಲಕ್ಕೆ ಬಂದಾಗ ಆ ಹೆಸರು ಸದ್ದಿಲ್ಲದೆ ಬದಲಾಗಿ 'ಆಲ್ಬೇನಿಯ' ಆಗುತ್ತದೆ. ಅಲ್‌ಸ್ಟರ್ ವರ್ಷಾವಳಿ ಕೂಡ 858ರಲ್ಲಿ ತೀರಿಕೊಂಡ ಕೆನೆತ್‌ನನ್ನು ಪಿಕ್ಟರ ದೊರೆ ಎಂದೇ ಕರೆದು, 900ರಲ್ಲಿ ಸತ್ತ ಡೊನಾಲ್ಡ್‌ನನ್ನು ಮೊದಲ ಬಾರಿಗೆ ಆಲ್ಬಾದ, ಎಂದರೆ ಆಲ್ಬೇನಿಯದ, ದೊರೆ ಎನ್ನುತ್ತದೆ. ಎರಡು ದಾಖಲೆಗಳಲ್ಲೂ ಬದಲಾವಣೆ ಬರುವುದು ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಕೆನೆತ್ ಸತ್ತು ನಲವತ್ತು ವರ್ಷ ಕಳೆದ ಮೇಲೆ. ನಾಶವಾದ ಜನರ ಹೆಸರಿನಲ್ಲಿ ಯಾರೂ ಎರಡು ತಲೆಮಾರು ರಾಜ್ಯವಾಳುವುದಿಲ್ಲ. ಹನ್ನೆರಡನೆಯ ಶತಮಾನದ ಕಲ್ಪಕನಾಗಿದ್ದರೆ ಮೊದಲ ಸಾಲಿನಿಂದಲೇ ತನ್ನ ಕಾಲದ 'ಸ್ಕಾಟಿಯ' ಎಂಬ ಹೆಸರನ್ನೇ ಬರೆದುಬಿಡುತ್ತಿದ್ದ.

ಕಾನ್‌ಸ್ಟಂಟೈನ್‌ನ ಆರನೆಯ ವರ್ಷದ ಟಿಪ್ಪಣಿಯನ್ನೂ ಇಲ್ಲೇ ಸೇರಿಸಿ ಓದಬೇಕು. 906ರಲ್ಲಿ ದೊರೆಯೂ ಬಿಷಪ್ ಕೆಲ್ಲಾಖ್‌ನೂ ಸ್ಕೋನ್ ಎಂಬ ರಾಜನಗರದ ಬಳಿಯ ಗುಡ್ಡದ ಮೇಲೆ, ಧರ್ಮದ ನಿಯಮಗಳನ್ನೂ ಚರ್ಚುಗಳ ಹಕ್ಕುಗಳನ್ನೂ ಸ್ಕಾಟರ ಜೊತೆ ಸಮನಾಗಿ ಪಾಲಿಸುವುದಾಗಿ ಪ್ರತಿಜ್ಞೆ ಮಾಡಿದರು. ಅಂದಿನಿಂದ ಆ ಗುಡ್ಡಕ್ಕೆ ನಂಬಿಕೆಯ ಗುಡ್ಡ ಎಂಬ ಹೆಸರಾಯಿತು. ಸ್ಕಾಟರ ಜೊತೆ ಸಮನಾಗಿ ಎಂದರೆ ಸ್ಕಾಟರಲ್ಲದ ಇನ್ನೊಂದು ಪಕ್ಷ ಆ ಗುಡ್ಡದ ಮೇಲೆ ಜೀವಂತವಾಗಿ ಇದ್ದಿರಲೇಬೇಕು. ಆ ಪಕ್ಷ ಯಾವುದೆಂದು ವಿದ್ವಾಂಸರು ಇನ್ನೂ ಚರ್ಚಿಸುತ್ತಿದ್ದಾರೆ, ಚರ್ಚಿಸಲಿ. ಕೆನೆತ್ ನಾಶಮಾಡಿದನೆಂದು ಪೀಠಿಕೆ ಹೇಳುವ ಪಿಕ್ಟರೇ ಅದು ಎಂದು ನಾನು ಓದುತ್ತೇನೆ. ಬೇರೆ ಓದನ್ನು ಮುಂದಿಡುವವರು ಕೂಡ ಅದಕ್ಕೆ ಆಧಾರವನ್ನು ಈ ಹಸ್ತಪ್ರತಿಯಿಂದಲೇ ತೆಗೆಯಬೇಕಾಗುತ್ತದೆ.