ದೃಶ್ಯವಾಹಿನಿಯ ಮೊದಲ ಬಂಡವಾಳ

ಕೈಯೊಳಗಿನ ಮೊಬೈಲಿನಿಂದಲೇ ಯೂಟ್ಯೂಬ್ ವಾಹಿನಿ ತೆರೆಯಬಯಸುವ ತರುಣರು ಇಂದು ರೋಣ, ನರಗುಂದ, ಗಜೇಂದ್ರಗಡಗಳಲ್ಲಿಯೂ ಉಂಟು. ಜಾಹೀರಾತಿನ ವರಮಾನಕ್ಕೆ 1,000 ಚಂದಾದಾರರೂ, ದೀರ್ಘ ವಿಡಿಯೋಗಳಾದರೆ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆಯೂ ಬೇಕೆಂಬುದು 2018ರಿಂದ ಇರುವ ನಿಯಮ. ಆ ಅಂಕಿಗಳ ಬೆನ್ನುಹತ್ತಿ ಪರರನ್ನು ಅನುಕರಿಸುವವರು ಬಹುಬೇಗ ಬಳಲುತ್ತಾರೆ. ಹೊಸ ವಾಹಿನಿಗೆ ನಿಜವಾದ ಬಂಡವಾಳವೆಂದರೆ ನೆರೆಹೊರೆಯ ಸಂಗತಿಗಳೇ: ಸೂಡಿಯ ಜೋಡುಕಳಸದ ಗುಡಿ, ಗಜೇಂದ್ರಗಡದ ಕೈಮಗ್ಗ, 1980ರ ನರಗುಂದ ರೈತ ಬಂಡಾಯ. ಆ ಬಂಡಾಯವನ್ನು ಕಣ್ಣಾರೆ ಕಂಡವರು ಇಂದು ಮುಪ್ಪಿನಲ್ಲಿದ್ದಾರೆ. ಅವರ ಮಾತನ್ನು ಈಗ ದಾಖಲಿಸದಿದ್ದರೆ ಮುಂದೆ ಅದು ದೊರೆಯಲಾರದು. ವಾರಕ್ಕೊಂದು ವಿಡಿಯೋ, ಸ್ಪಷ್ಟ ಧ್ವನಿ, ಸತ್ಯನಿಷ್ಠ ನಿರೂಪಣೆ, ಇವನ್ನು ಗುರುಗಳು ಕಲಿಸಲಿ; ಒಳ್ಳೆಯ ಮೈಕನ್ನು ದಾನಿಗಳು ಒದಗಿಸಲಿ. ಆರಂಭದಲ್ಲಿ ನೋಡುಗರು ಹತ್ತೇ ಮಂದಿಯಾದರೂ ಆ ಕಾಯಕ ವ್ಯರ್ಥವಾಗದು.